ದಣಪೆ ಎಂದುಕೊಂಡು ಗೇಟು ಎಂದವಳು

ಚಂಪಾಳ ಅಂಗಡಿಗೆ ಎಂದೂ ಬೋರ್ಡು ಇರಲಿಲ್ಲ. ದಣಪೆ ಹತ್ತಿರದ ಅಂಗಡಿ ಎಂದರೆ ಸಾಕಿತ್ತು. ಅಂಕೋಲೆಯಲ್ಲಿ ಬಸ್ಸಿಳಿದವರು ಮೀನುಪೇಟೆಗೂ ಕಚೇರಿಗೂ ಹೋಗಲು ಹೆದ್ದಾರಿ ಹಿಡಿಯದೆ ನಮ್ಮ ಓಣಿಯಲ್ಲೇ ಬರುತ್ತಿದ್ದರು. ಓಣಿಯ ಬಾಯಲ್ಲಿ ಎರಡು ಕಲ್ಲುಕಂಬ, ಕಂಬದ ತೂತುಗಳಲ್ಲಿ ಅಡ್ಡ ತೂರಿಸಿದ ಬಿದಿರ ಗಳ. ಅದೇ ದಣಪೆ. ದನ ದಾಟಲಾರದು, ಮನುಷ್ಯರು ಕಾಲೆತ್ತಿ ದಾಟುತ್ತಾರೆ. ತಲೆಯ ಮೇಲೆ ಹೊರೆ ಇದ್ದವರು ಬಂದರೆ ಚಂಪಾ ಒಲೆ ಬಿಟ್ಟೆದ್ದು ಬಂದು ಗಳ ಸರಿಸುತ್ತಿದ್ದಳು.

ಅವಳು ಹಾರವಾಡದ ಹುಡುಗಿ. ಮದುವೆಯಾಗಿ ಬಂದದ್ದು ನಮ್ಮ ಸಾಲಿನ ಕೊನೆಯ ಮನೆಗೆ. ಗಂಡ ಬೊಮ್ಮಯ್ಯ ಚಿರೆಕಲ್ಲು ಕಡಿಯುತ್ತಿದ್ದ. ಬೆನ್ನು ಬಿದ್ದುಹೋಗಿ ಅವನು ಮನೆಯಲ್ಲೇ ಕೂತಾಗ ಅವಳು ಮುಂದಿನ ಕೋಣೆಯಲ್ಲಿ ಒಲೆ ಹೂಡಿದಳು. ಬಟಾಣಿಯ ತೆಳು ಸಾರಿನಂಥ ಪಾತಳ ಭಾಜಿ, ಪಾವು, ಚಹ. ಅವನು ತೀರಿಕೊಂಡ ಮೇಲೂ ಒಲೆ ಆರಲಿಲ್ಲ. ಯಾರೇ ಬರಲಿ, ಎಲ್ಲಿಗೆ ಹೊರಟಿರಿ ಎಂದು ಮಾತ್ರ ಅವಳು ಕೇಳುತ್ತಿರಲಿಲ್ಲ. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬುದು ಅವಳ ತಾಯಿ ಹೇಳಿಕೊಟ್ಟ ಮಾತು. ನಾನು ಪಕ್ಕದ ಮನೆಯವಳು, ಜಗಲಿಯಲ್ಲಿ ಕೂತು ಇಷ್ಟು ವರ್ಷ ಕೇಳಿಸಿಕೊಂಡಿದ್ದೇನೆ. ಆ ಪ್ರಶ್ನೆ ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಅರ್ಗಾದ ನೌಕಾನೆಲೆಯ ಕಡೆ ಕೆಲಸಕ್ಕೆ ಬಂದವರು ಅಂಕೋಲೆಯಲ್ಲೂ ಮನೆ ಹುಡುಕತೊಡಗಿದಾಗ ನಮ್ಮ ಸಾಲಿನ ಯಜಮಾನರು ರಾಮನಾಥ ಒಡೆಯರು ಹಂಚಿನ ಮನೆಗಳನ್ನೆಲ್ಲ ಕೆಡವಿ ಕಟ್ಟಡ ಏಳಿಸುತ್ತೇನೆಂದರು. ಕೆಳಗೆ ಅಂಗಡಿ, ಮೇಲೆ ಮನೆ. ನಮಗೆಲ್ಲ ಅದರಲ್ಲೇ ಜಾಗ ಕೊಡುವ ಮಾತು. ಯಾರೂ ಬೇಡವೆನ್ನಲಿಲ್ಲ. ಮಾಳಿಗೆಯ ತುಂಬ ಜನ ಬಂದರೆ ಭಾಜಿ ಉಳಿಯುವುದಿಲ್ಲ ಎಂದು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಚಂಪಾ.

ಅಂಗಳದಲ್ಲಿ ಮೀಟಿಂಗ್ ಆಯಿತು. ಕಾರವಾರದಿಂದ ಬಂದ ಇಂಜಿನಿಯರ್ ಸಂಕೇತ, ಒಳ್ಳೆಯ ಹುಡುಗ, ಒಂದೊಂದನ್ನೂ ಕೇಳಿ ಕೇಳಿ ಮುಂದೆ ಹೋಗುತ್ತಿದ್ದ.

"ಓಣಿ ಬಾಯಿಗೆ ಗೇಟ್ ಬೇಕಾ, ಬ್ಯಾಡ್ವಾ? ಈಗ್ಲೇ ಹೇಳ್ಬುಡಿ."

"ಬೇಕು ಬೇಕು," ಅಂದಳು ಚಂಪಾ. "ಗೇಟಿಲ್ದೇ ಹೋದ್ರೆ ಊರ ದನ ಎಲ್ಲಾ ನನ್ನ ಒಲೆ ತನಕ ಬತ್ತವೆ. ಒಂದ್ ಸಲ ಭಾಜಿ ಪಾತ್ರೆಗೇ ಬಾಯಿ ಹಾಕಿತ್ತು."

ಎಲ್ಲರೂ ನಕ್ಕರು, ಕೈ ಎತ್ತಿದರು. ನಾನೂ ಎತ್ತಿದೆ. ದಣಪೆಯನ್ನು ದಣಪೆ ಅನ್ನುವವರು ಆಗಲೇ ಕಡಿಮೆಯಾಗಿದ್ದರು. ಶಾಲೆಗೆ ಹೋದ ಮಕ್ಕಳು ಅದನ್ನು ಗೇಟು ಅಂದವು. ಕೇಳಿ ಕೇಳಿ ನಮ್ಮ ಬಾಯಲ್ಲೂ ಅದೇ ಕೂತಿತ್ತು. ಗೇಟು ಎಂದರೆ ನಮಗೆ ಎರಡು ಕಂಬ, ಅಡ್ಡ ಗಳ. ಬೇರೆ ಗೇಟು ನಮ್ಮ ಓಣಿ ಕಂಡಿರಲಿಲ್ಲ.

ಕಟ್ಟಡ ಏಳುವವರೆಗೆ ಚಂಪಾ ಎದುರಿನ ತಗಡಿನ ಮಾಡಿನಡಿ ಒಲೆ ಉರಿಸಿದಳು. ಕಟ್ಟಡ ಮುಗಿಯಿತು, ನನಗೆ ಮೊದಲ ಮಾಳಿಗೆ ಸಿಕ್ಕಿತು, ಅವಳಿಗೆ ಕೆಳಗೆ ಓಣಿಯ ಬಾಯಲ್ಲೇ ಬಿಳಿ ಟೈಲ್ಸಿನ ಅಂಗಡಿ. ಮಾಳಿಗೆ ತುಂಬಿದ ಮೇಲೂ ಕಂಬ ಕಿತ್ತ ಓಣಿಯ ಬಾಯಿ ಕೆಲವು ವಾರ ತೆರೆದೇ ಇತ್ತು, ಆಮೇಲೆ ಒಂದು ಬೆಳಿಗ್ಗೆ ಟೆಂಪೋದಲ್ಲಿ ಗೇಟು ಬಂತು. ಕಬ್ಬಿಣದ್ದು, ಆಳೆತ್ತರ, ಮೇಲೆ ಈಟಿಯ ಹಾಗೆ ಮೊನೆ. ಜೊತೆಗೆ ಬೀಗ, ಕಾವಲುಗಾರನಿಗೊಂದು ಕುರ್ಚಿ; ಕಾವಲುಗಾರ ಮಾತ್ರ ಕೊನೆಗೂ ಬರಲಿಲ್ಲ. ಚಂಪಾ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಳು.

"ಇದೆಂತದು, ಸಂಕೇತಾ?"

"ಗೇಟು. ನೀವೇ ಹೇಳಿದ್ರಲ್ಲ, ಚಂಪಕ್ಕ. ಎಲ್ಲಕ್ಕಿಂತ ಮೊದ್ಲು ನೀವೇ ಹೇಳಿದ್ದು."

"ನಾ ಹೇಳಿದ್ದು ಇದಲ್ಲ ತಮಾ."

"ಮತ್ತೆ ಯಾವ್ದು?"

ಅವಳು ಸೌಟನ್ನು ಗೇಟಿನ ಮೊನೆಯ ಕಡೆ ಎತ್ತಿ, ಇಳಿಸಿದಳು. ಅವನ ಮುಖದಲ್ಲಿ ಮೋಸ ಇರಲಿಲ್ಲ.

ಮರುದಿನದಿಂದ ಬೀಗ. ಬಸ್ಸಿಳಿದವರು ಗೇಟಿನವರೆಗೆ ಬರುವುದು, ಸರಳು ಹಿಡಿದು ಒಳಗೆ ನೋಡುವುದು, ತಿರುಗಿ ಹೆದ್ದಾರಿಗೆ ಹೋಗುವುದು. ಅಲ್ಲಿ ನಡೆಯುವವರಿಗೆಂದು ಅಂಚೇ ಇಲ್ಲ. ಲಾರಿಗಳು ಸೆರಗು ತಾಗುವಷ್ಟು ಹತ್ತಿರ ಹಾಯುತ್ತವೆ. ಚಂಪಾ ಸರಳಿನ ಸಂದಿಯಲ್ಲಿ ಚಹ ಕೊಡಲು ನೋಡಿದಳು. ಲೋಟ ಹೊರಗೆ ಹೋಗುತ್ತಿತ್ತು, ಭಾಜಿಯ ತಟ್ಟೆ ಹೋಗುತ್ತಿರಲಿಲ್ಲ. ಮಾಳಿಗೆಯವರು ಅವಳ ಅಂಗಡಿಗೆ ಇಳಿಯಲಿಲ್ಲ. ಸ್ಕೂಟರ್ ಹತ್ತಿ ಬೇರೆ ಬಾಗಿಲಿನಿಂದ ಹೋಗುತ್ತಿದ್ದರು.

ಹಾರವಾಡದಿಂದ ಮೀನು ತರುವ ಹೀರಾ ಚಂಪಾಳ ಜೊತೆಯಲ್ಲೇ ಬೆಳೆದವಳು. ಅವಳು ಬುಟ್ಟಿ ಹೊತ್ತುಕೊಂಡೇ ಗೇಟಿನಾಚೆ ನಿಂತಳು.

"ಏನೇ ಚಂಪಿ, ಸೆಟ್ಟಿಗಿತ್ತಿ ಆದ್ಯಾ? ನಾವೆಲ್ಲಾ ನಿನ್ನ ಕಣ್ಣಿಗೆ ದನವೇ ಈಗ?"

"ಸುಮ್ನಿರೇ. ನಂಗೆ ಮೊದ್ಲೇ ಹೊಟ್ಟೆ ಉರೀತದೆ."

"ನಿಂಗೆ ಹೊಟ್ಟೆ. ನನ್ನ ಕಾಲು ನೋಡು. ಆ ಲಾರಿಯವ ಹಾರ್ನ್ ಹೊಡ್ದದ್ದಕ್ಕೆ ಗಟಾರದಲ್ಲಿ ಇಳ್ದೆ. ಬಂಗಡೆ ಅರ್ಧ ಗಟಾರಕ್ಕೇ ಹೋತು."

ಹೀರಾಳ ಕಣಕಾಲು ಬಾತುಕೊಂಡಿತ್ತು. ಚಂಪಾ ಸರಳಿನ ಸಂದಿಯಿಂದ ಕೈ ಹಾಕಿ ಅದನ್ನು ಮುಟ್ಟಿ ನೋಡಿದಳು.

ಅದೇ ವಾರ ರಾಮನಾಥ ಒಡೆಯರು ಬಂದರು. ದನಿ ಏರಿಸದೆ ಹೇಳಿದರು: "ಚಂಪಾ, ಅಂಗಡಿ ನಡೀದೇ ಇದ್ರೆ ಹೇಳ್ಬುಡು. ಔಷಧಿ ಅಂಗಡಿಯವ್ರು ಕೇಳ್ತಾ ಅವ್ರೆ. ನಿಂಗೆ ಹಿಂದ್ಗಡೆ ಒಂದ್ ಕೋಣೆ ಕೊಡ್ವ."

"ಹಿಂದ್ಗಡೆ ಯಾರು ಬತ್ರು, ಒಡ್ಯಾ?"

"ಇಲ್ಲಾದ್ರೂ ಯಾರು ಬತ್ತಾ ಅವ್ರೆ?"

ಆ ಸಂಜೆ ಮಾಳಿಗೆಯವರೆಲ್ಲ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಸೇರುವುದಿತ್ತು. ಚಂಪಾ ನನ್ನನ್ನು ಕರೆದುಕೊಂಡು ಹೋಗಿ ಕಂಬಕ್ಕೆ ಒರಗಿ ನಿಂತಳು. ಗೇಟು ತೆಗೆಯಿರಿ ಎಂದು ಅವಳು ಹೇಳುತ್ತಲೇ ನನ್ನ ಎದುರು ಮನೆಯ ನೀತಾ ಎದ್ದಳು. ಧಾರವಾಡದ ಕಡೆಯವಳು, ಗಂಡನಿಗೆ ಅರ್ಗಾದಲ್ಲಿ ಕೆಲಸ.

"ತಗಿಯಾಕ ಬರಂಗಿಲ್ಲ. ಗೇಟ ಹಾಕೂ ಮೊದಲ ಏನಾತು ಎಲ್ಲಾರಿಗೂ ಗೊತ್ತೈತಿ. ಬೈಕಿನವ ಈ ಓಣ್ಯಾಗ ಹೊಕ್ಕು ನನ್ನ ಮಗಳನ್ನ ಕೆಡವಿದ. ಗದ್ದಕ್ಕ ಹೊಲಿಗಿ ಬಿದ್ದಾವು. ನಿಮ್ಮ ಚಾ ಮಾರಾಕ ನನ್ನ ಕೂಸು ಸಾಯಬೇಕೇನ್ರೀ?"

ಮಗು ಪ್ರಣತಿ ತಾಯಿಯ ಕಾಲಿಗೆ ಅಂಟಿಕೊಂಡಿತ್ತು, ಗದ್ದದಲ್ಲಿ ಗಾಯದ ಗೆರೆ. ಆ ದಿನ ಅದನ್ನು ಎತ್ತಿಕೊಂಡು ಓಡಿದವಳು ಚಂಪಾ. ಅದನ್ನು ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ.

"ತಂಗೀ, ಬೈಕು ಬರೂದು ನಂಗೂ ಬ್ಯಾಡ," ಅಂದಳು. "ನಾ ಗೇಟು ಅಂದಿದ್ದು ದಣಪೆಗೆ."

"ಹಂಗಂದ್ರ ಏನು?"

ಚಂಪಾ ಬಾಯಲ್ಲಿ ಹೇಳಲು ನೋಡಿದಳು, ಕೈಯಲ್ಲಿ ಅಡ್ಡಗೆರೆ ಎಳೆದಳು. ನೀತಾಳಿಗೆ ತಿಳಿಯಲಿಲ್ಲ. ಬಾಕಿ ಕೆಲಸ ನೋಡಲು ಬಂದಿದ್ದ ಸಂಕೇತ ಮಾತ್ರ ಹಣೆಗೆ ಕೈ ಇಟ್ಟುಕೊಂಡು, "ಅಯ್ಯೋ, ನಮ್ಮಜ್ಜಿ ಮನೇಲೂ ಇತ್ತಲ್ಲ ಅದು. ನಾನೂ ಅದನ್ನ ಗೇಟೇ ಅಂತಿದ್ದೆ," ಅಂದ.

ಹಳೆಯ ಕಂಬಗಳು ಹಿತ್ತಲಲ್ಲೇ ಇದ್ದವು. ಒಂದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಎಲ್ಲರೂ ಹೋಗಿ ನೋಡಿದರು. ಬೈಕು ಇದರಲ್ಲಿ ನುಗ್ಗಲಾರದು, ಅದು ಸರಿ ಎಂದು ನೀತಾಳೂ ಒಪ್ಪಿದಳು. ಆದರೆ ಅವಳ ಮುಖ ಸಡಿಲವಾಗಲಿಲ್ಲ.

"ಬೈಕ್ ಬರಂಗಿಲ್ಲ, ಖರೇ. ಮಂದಿ? ಯಾರ್ಯಾರೋ ಬರ್ತಾರ, ಮ್ಯಾಲೆ ಹತ್ತತಾರ. ಯಾರು ನೋಡೋರು?"

"ನಾ ನೋಡ್ತೆ."

"ಏನರ ಆದ್ರ?"

"ನನ್ನ ಕೇಳು. ಅಂಗಡಿ ನಾನೇ ಬಿಟ್ ಹೋತೆ."

ಒಡೆಯರು ಅವಳನ್ನೇ ನೋಡಿ, "ಹೇಳಿದ್ ಮೇಲೆ ಹೇಳಿದ ಹಾಂಗೆ ಆಗ್ಬೇಕು," ಅಂದರು. ಅವಳು ತಲೆಯಾಡಿಸಿದಳು.

ಗೇಟಿನ ಒಂದು ಬಾಗಿಲನ್ನು ಕಳಚಿ ಆ ಜಾಗದಲ್ಲಿ ಕಂಬ ಹುಗಿದರು. ಬಿದಿರು ಸಿಗದೆ ಪ್ಲಾಸ್ಟಿಕ್ ಪೈಪು ಹಾಕಿದರು. ಮೊದಲು ದಾಟಿದವಳು ಹೀರಾ. ಬಾತ ಕಾಲು ಎತ್ತಲಾಗದೆ ನಿಂತಾಗ ಚಂಪಾ ಮೊದಲಿನಂತೆ ಎದ್ದು ಬಂದು ಪೈಪು ಸರಿಸಿದಳು.

ಜನ ತಿರುಗಿ ಬಂದರು. ಭಾಜಿ ಉಳಿಯುವುದಿಲ್ಲ. ಆದರೆ ಚಂಪಾ ಈಗ ಒಲೆಗೆ ಬೆನ್ನು ಹಾಕಿ ಕೂರುತ್ತಾಳೆ. ಹೊಸ ಮುಖ ಕಂಡರೆ ಕಣ್ಣು ಅವರ ಹಿಂದೆಯೇ ಹೋಗುತ್ತದೆ. ಒಗ್ಗರಣೆ ಎರಡು ಸಲ ಸೀದಿದೆ. "ಪೊಲೀಸ್ ಆಗ್ಬಿಟ್ಯಲೇ," ಎಂದು ಹೀರಾ ಕೆಣಕುತ್ತಾಳೆ. ಮೇಲಿನ ಬಾಲ್ಕನಿಯಲ್ಲಿ ನೀತಾ ಬಟ್ಟೆ ಒಣಗಿಸುತ್ತ ಕೆಳಗೆ ನೋಡುತ್ತಿರುತ್ತಾಳೆ. ನೋಡುತ್ತಿರುವುದು ಚಂಪಾಳಿಗೂ ಗೊತ್ತು.

ಮೊನ್ನೆ ಸಂಜೆ ಒಬ್ಬ ಬಂದ. ಗುರುತಿನವನಲ್ಲ. ಹೆಗಲಿಗೆ ದೊಡ್ಡ ಚೀಲ, ಕಣ್ಣು ಮಾಳಿಗೆಯ ಮೇಲೆ. ಬಾಲ್ಕನಿಯಲ್ಲಿ ನೀತಾಳ ಕೈಯ ಬಟ್ಟೆ ಹಾಗೇ ನಿಂತಿತು. ಚಂಪಾ ಎದ್ದಳು. ಪೈಪಿನ ಮೇಲೆ ಕೈ ಇಟ್ಟಳು, ಸರಿಸಲಿಲ್ಲ. ಅವಳ ತುಟಿ ಅಲುಗಿ ನಿಂತದ್ದನ್ನು ನಾನು ಮೇಲಿನಿಂದ ನೋಡಿದೆ.

"ಎಲ್ಲಿಗೆ ಹೊರಟ್ರಿ?" ಅಂದಳು.

ಅವನು ಅವಳನ್ನು ನೋಡಿ ಸುಸ್ತಾದವನ ಹಾಗೆ ನಕ್ಕ. "ಎಲ್ಲಿಗೂ ಇಲ್ಲ, ಅವ್ವಾ. ದಾಟಿ ಆಚೆ ಹೋಗೂದು, ಅಷ್ಟೇ. ಹೊಸ ಕಟ್ಟಡ ಆತಲ್ಲ, ಅದ್ನೇ ನೋಡ್ತೆ."

ಅವಳು ಪೈಪು ಸರಿಸಿದಳು. ಅವನು ಹೋಗುತ್ತಿದ್ದಂತೆ ಹಿಂದಿನಿಂದ ಕರೆದಳು.

"ತಡೀರಿ. ಹೊರಟವ್ರನ್ನ ಕೇಳ್ಬುಟ್ಟೆ ನಾನು. ಒಂದ್ಗಳಿಗೆ ಕೂತು, ಚಾ ಕುಡ್ದು ಹೋಗಿ."