ನಾಲ್ಕನೆಯ ಆಟಗಾರ

ಮೊನ್ನೆ ಲ್ಯಾಪ್‌ಟಾಪ್ ರಿಪೇರಿಗೆ ಕೊಡಲು ಹೋದಾಗ ಅಂಗಡಿಯ ಗಾಜಿನ ಕೌಂಟರ್ ಮೇಲೆ ಹಳೆಯದೊಂದು ಹೆಡ್‌ಫೋನ್ ಬಿದ್ದಿತ್ತು. ಬಲಗಡೆಯ ಮೆತ್ತೆ ಸವೆದು ಸ್ಪಂಜು ಹೊರಬಂದಿತ್ತು. ಎಡಗಡೆಯದು ಹೊಸದರಂತೆಯೇ ಇತ್ತು. ಯಾರದೋ ಏನೋ... ಅಂಥದ್ದೇ ಒಂದನ್ನು ನಾನು ದಿನಾ ನೋಡುತ್ತಿದ್ದ ಕಾಲವಿತ್ತು.

ಬಳ್ಳಾರಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಮಾಸ್ತರರದು ಅದು. ಊರು ಸಿರುಗುಪ್ಪ, ಕೆಲಸ ಕುರುಗೋಡಿನ ಒಂದು ಶಾಲೆಯಲ್ಲಿ. ದಿನಾ ಬಸ್ಸಿಗೆ ಹೋಗಿಬರುತ್ತಿದ್ದರು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಎಡಗಿವಿ ಪೂರ್ತಿ ಹೋಗಿತ್ತು. ಶಾಲೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳೆಲ್ಲ ಬಲಗಡೆಗೇ ಬರುವಂತೆ, ಎಡಭುಜ ಗೋಡೆಗೆ ತಾಗಿಸಿ ನಿಂತು ಪಾಠ ಮಾಡುತ್ತಿದ್ದರಂತೆ. ಡಿಗ್ರಿ ಓದುತ್ತಿದ್ದ ನನಗೆ ಮಾತ್ರ ಹೇಳಿದ್ದರು.

"ನಿನ್ನ ಹತ್ರ ಇರ್ಲಿ ಲೇ. ಮಾಸ್ತರಗ ಕಿವಿ ಕೇಳ್ಸಲ್ಲ ಅಂದ್ರ ಹುಡುಗ್ರು ಬಿಡಂಗಿಲ್ಲ."

ಸಂಜೆ ಶಾಲೆಯಿಂದ ಬಂದವರೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಬೇರೆ ಗ್ರಹದ ಗಣಿಯೊಳಗೆ ಮನುಷ್ಯರನ್ನು ಬೇಟೆಯಾಡುವ ಯಂತ್ರಗಳನ್ನು ಗುಂಡಿಟ್ಟು ಕೆಡಹುವ ಆಟ. ಅಲ್ಲಿನ ಕೆಂಪು ಧೂಳು ನೋಡಿ, "ಇದ್ಯಾವ ಗ್ರಹಲೇ, ನಮ್ಮ ಸಂಡೂರ ಐತಿದು" ಎಂದು ನಗುತ್ತಿದ್ದರು. ಆಟ ನನಗೆ ಕಲಿಸಿದವರೂ ಅವರೇ. ಆದರೆ ತಾವು ಮಾತ್ರ ಯಾವಾಗಲೂ ಒಬ್ಬರೇ ಆಡುತ್ತಿದ್ದರು. ಯಾಕೆಂದು ಕೇಳಿದರೆ, "ಒಬ್ಬಾವ ಆಡಿದ್ರ ಯಾರಿಗೂ ಲುಕ್ಸಾನಿಲ್ಲ. ಸತ್ರ ನಾ ಒಬ್ಬನ ಸಾಯ್ತೀನಿ" ಎನ್ನುತ್ತಿದ್ದರು.

ಆಮೇಲೆ ಆ ಆಟಕ್ಕೊಂದು ಆಡ್-ಆನ್ ಬಂತು. ಹೊಸ ಸುರಂಗಗಳು, ಹೊಸ ಯಂತ್ರಗಳು. ಮಾಸ್ತರು ಅದನ್ನೂ ಒಬ್ಬರೇ ಮುಗಿಸಿದರು. ಯಂತ್ರ ಯಾವ ಕಡೆಯಿಂದ ಬರುತ್ತದೆಂದು ಸದ್ದಿನಿಂದ ತಿಳಿಯುವುದು ಅವರಿಗೆ ಸಾಧ್ಯವಿರಲಿಲ್ಲ. ಹಾಗಾಗಿ ಪ್ರತಿ ಸುರಂಗದ ನಕ್ಷೆಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದು, ಯಂತ್ರಗಳು ಬರುವ ದಾರಿಯನ್ನೆಲ್ಲ ಗುರುತು ಹಾಕಿ ಬಾಯಿಪಾಠ ಮಾಡಿದ್ದರು. ಕೊನೆಯ ಗುಹೆಯೊಂದು ಮಾತ್ರ ಉಳಿದಿತ್ತು. ನಾಲ್ವರು ಸೇರಿದರಷ್ಟೇ ಅದರ ಬಾಗಿಲು ತೆರೆಯುತ್ತಿತ್ತು.

"ಒಂದ್ಸಲ ಒಳಗ ಏನೈತಿ ನೋಡ್ಬೇಕಲೇ" ಎಂದರು. ಕಿವಿಯ ಗುಟ್ಟು ಕಾಯುವುದನ್ನು ಬಿಟ್ಟರೆ, ಅಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಕೇಳಿದ್ದು ಅದೊಂದೇ.

ಕಾಲೇಜಿನ ಇಬ್ಬರು ಗೆಳೆಯರು, ನಾನು, ಅವರು. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಅವರವರ ಮನೆಯಿಂದಲೇ ಕೂತೆವು. ನಾನು ಕೆಳಗೆ, ಅವರು ಮಾಳಿಗೆಯಲ್ಲಿ. ನಕ್ಷೆಗಳ ಫೋಟೋ ಮೊದಲೇ ನಮಗೆಲ್ಲ ಕಳಿಸಿದ್ದರು. ಆದರೆ ನಾಲ್ವರು ಆಡುವಾಗ ಯಂತ್ರಗಳು ನಕ್ಷೆಯ ದಾರಿ ಬಿಟ್ಟು ಎಲ್ಲೆಂದರಲ್ಲಿಂದ ಬರುತ್ತಿದ್ದವು. ಎಡಗಡೆಯಿಂದ ಬಂದದ್ದು ಅವರಿಗೆ ತಿಳಿಯದೆ ಮೂರು ಸಲ ಎಲ್ಲರೂ ಸತ್ತೆವು. ಕುರುಗೋಡಿನ ಗೆಳೆಯ ಮೈಕಿನಲ್ಲಿ ರೇಗಿದ.

"ಯಾರಲೇ ಇವ, ಕಿವುಡ ಅದಾನೇನು?"

ನಾನು ನಕ್ಕೆ. "ಹೂಂ ಲೇ, ಒಂದು ಕಿವಿ ಸತ್ತೈತಿ. ನಿಮ್ಮೂರ ಸಾಲಿ ಡ್ರಾಯಿಂಗ್ ಮಾಸ್ತರ ಅವ್ರು. ಆಟದಿಂದ ತೆಗೀರಿ ಅವ್ರನ್ನ, ನಕ್ಷೆ ಅದಾವಲ್ಲ, ಸಾಕು."

ಅವರು ಹೆಡ್‌ಫೋನ್ ತೆಗೆದಿಟ್ಟಿದ್ದರು, ನನ್ನ ಮಾತು ಕೇಳಿಸಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರ ಮೈಕಿನಿಂದ ಕೋಣೆಯ ಫ್ಯಾನಿನ ಕಿರ್ ಕಿರ್ ಸದ್ದು ನನ್ನ ಕಿವಿಗೆ ಬರುತ್ತಲೇ ಇತ್ತು. ನನ್ನ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಬಂತು... ಆಮೇಲೆ ನಿಂತಿತು.

ಅವರ ಜಾಗಕ್ಕೆ ಬೇರೊಬ್ಬನನ್ನು ಸೇರಿಸಿಕೊಂಡು ಅವರ ನಕ್ಷೆ ಹಿಡಿದೇ ಗುಹೆಯ ಬಾಗಿಲು ಮುಟ್ಟಿದೆವು, ಗೆದ್ದೆವು, ಕೂಗಾಡಿದೆವು.

ಕುರುಗೋಡಿನ ಆ ಗೆಳೆಯನ ತಂಗಿ ಮಾಸ್ತರರ ಶಾಲೆಯಲ್ಲೇ ಓದುತ್ತಿದ್ದಳು. ವಾರ ಕಳೆಯುವುದರೊಳಗೆ ಹುಡುಗರು ಶಾಲೆಯ ಅಂಗಳದಲ್ಲಿ ಮಾಸ್ತರರ ಎಡಗಡೆ ಹೋಗಿ ನಿಂತು, ಬರೀ ತುಟಿ ಅಲ್ಲಾಡಿಸಿ "ಸರ್, ಸರ್" ಎನ್ನತೊಡಗಿದರಂತೆ. ಕರೆದರೆಂದುಕೊಂಡು ಅವರು ಅತ್ತ ತಿರುಗುವುದು, ಇವರು ನಗುವುದು. ಗೆಳೆಯನೇ ನಗುತ್ತಾ ನನಗಿದನ್ನು ಹೇಳಿದ. ಮೇಲೆ ಹೋಗಿ ಕ್ಷಮೆ ಕೇಳಲು ಮೆಟ್ಟಿಲು ಎಷ್ಟಿದ್ದವು ಮಹಾ? ಹೋಗಲಿಲ್ಲ. ಆ ಬೇಸಿಗೆಯಲ್ಲಿ ಸಿರುಗುಪ್ಪಕ್ಕೆ ವರ್ಗ ಮಾಡಿಸಿಕೊಂಡು, ಕೀಲಿಕೈ ಅಮ್ಮನ ಕೈಗೆ ಕೊಟ್ಟು ಹೊರಟುಹೋದರು. ನಾನು ಆಗ ಮನೆಯಲ್ಲೇ ಇದ್ದೆ, ಒಳಕೋಣೆಯಲ್ಲಿ.

ಎರಡು ವರ್ಷದ ಹಿಂದೆ ಮದುವೆಗೆಂದು ಸಿರುಗುಪ್ಪಕ್ಕೆ ಹೋದವನು ವಿಳಾಸ ವಿಚಾರಿಸಿ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಮಾಸ್ತರು ಗುರುತು ಹಿಡಿದರು.

"ಬರ್ರಿ, ಕುಂದರ್ರಿ."

ಹಿಂದೆ ನನಗೆ "ಲೇ" ಎನ್ನುತ್ತಿದ್ದವರು. ತಮ್ಮ ಬಲಗಡೆಗೆ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಚಹಾ ಬಂತು. ಅಮ್ಮನ ಆರೋಗ್ಯ ಕೇಳಿದರು, ನನ್ನ ನೌಕರಿ ಕೇಳಿದರು. ಕಂಪ್ಯೂಟರ್ ಎಲ್ಲೂ ಕಾಣಲಿಲ್ಲ. ಕೊನೆಗೆ ಬಾಯಿ ಬಿಟ್ಟೆ. "ಸರ್, ಅವತ್ತು ನಾ ಅಂದಿದ್ದು ತಪ್ಪಾತ್ರಿ."

ಅವರು ನನ್ನ ಮುಖವನ್ನೇ ನೋಡಿದರು.

"ಕೇಳಿಸ್ಲಿಲ್ರಿ" ಎಂದರು.

ಚಹಾ ಮುಗಿಸಿ ಎದ್ದುಬಂದೆ.

ಈಗ ಆ ಆಡ್-ಆನ್‌ನ ಸರ್ವರ್ ಮುಚ್ಚಿದ್ದಾರೆ. ನಾಲ್ವರು ಸೇರಿ ಆಡುವ ಗುಹೆ ಇನ್ನು ಯಾರಿಗೂ ತೆರೆಯುವುದಿಲ್ಲ; ಒಬ್ಬರೇ ಆಡುವುದಾದರೆ ಈಗಲೂ ಆಡಬಹುದು. ಸಿರುಗುಪ್ಪಕ್ಕೆ ನಾನು ಮತ್ತೆ ಹೋಗಿಲ್ಲ. ಹೋದರೆ ಅವರೇನೂ ಬಾಗಿಲು ಹಾಕಿಕೊಳ್ಳುವುದಿಲ್ಲ... "ಬರ್ರಿ" ಎಂದೇ ಕರೆಯುತ್ತಾರೆ.