ತಂಗಿಗೆ ಸಿಕ್ಕ ತೀರ್ಪು

ನನ್ನ ತಂಗಿ ನೇಯ್ದ ಸೀರೆಯನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ಅವಳು ಕೂತು ನೇಯುವ ಮಗ್ಗ ಮೊದಲು ನನ್ನದಾಗಿತ್ತು.

ಬೆಟಗೇರಿಯ ನಮ್ಮ ಓಣಿಯಲ್ಲಿ ಹಾಸು ಕತ್ತರಿಸುವುದೆಂದರೆ ಉಣ್ಣುವವರ ಮುಂದಿನ ತಾಟು ಒದ್ದಂತೆ. ಹಾಸೆಂದರೆ ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳು. ಕಡಿದರೆ ಒಂದೊಂದನ್ನೂ ಹೊಸೆದು ಕೂಡಿಸಬೇಕು. ಒಂದು ಬೆಳಿಗ್ಗೆ ನನ್ನ ಮಗ್ಗದ ಗುಲಾಬಿ ಹಾಸು ಅಂಗೈ ಅಗಲ ಕಡಿದು ಜೋತಾಡುತ್ತಿತ್ತು. ಹಿಂದಿನ ದಿನವಷ್ಟೇ, ಆ ಗುಲಾಬಿ ನನಗೆ ಸೇರುವುದಿಲ್ಲ, ನೇಯುವುದಿಲ್ಲ ಎಂದು ಅಪ್ಪನೊಂದಿಗೆ ಜಗಳವಾಡಿದ್ದೆ. ಅವನು ಎಳೆಗಳ ತುದಿ ನೋಡಲಿಲ್ಲ, ನನ್ನ ಮುಖ ನೋಡಿದ.

"ಸಿಟ್ಟಿಗೆ ಇಕೀನ ಕೊಯ್ದಾಳ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದ. ನಾನು ಅತ್ತೆ, ಆಣೆ ಇಟ್ಟೆ. ಕೇಳುವವರು ಯಾರು? ನನ್ನನ್ನು ಮಗ್ಗದಿಂದ ಎಬ್ಬಿಸಿ ತಂಗಿಯನ್ನು ಕೂರಿಸಿದ. ಅಡ್ಡ ಎಳೆ ಒಯ್ಯುವ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ ನನ್ನ ಪಾಲಿಗೆ ಬಂತು, ಅದೂ ಅವಳ ಲಾಳಿಗೆ. ಅವಳ ಕೈ ಕೆಟ್ಟದಾಗಿದ್ದರೆ ಸಮಾಧಾನವಾಗುತ್ತಿತ್ತೇನೋ. ಗದಗಿನ ವ್ಯಾಪಾರಿಗಳು ಅಂಚನ್ನು ಬೆರಳಲ್ಲಿ ಸವರಿ ಅವಳನ್ನೇ ಕೇಳಿಕೊಂಡು ಬರತೊಡಗಿದರು. ನಾನು ಒಳಗೆ ಕೂತು ರಾಟೆ ತಿರುಗಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಮುಂದೆ ಲಕ್ಷ್ಮೇಶ್ವರದಲ್ಲಿ ಅವಳ ಗೆಳತಿಯ ಮದುವೆ ಬಂತು. ಸೀರೆ ಮುಗಿಯದೆ ಹೋಗಕೂಡದೆಂದ ಅಪ್ಪ. ಮರುದಿನ ಬೆಳಿಗ್ಗೆ ಹಾಸು ಕಡಿದಿತ್ತು. ಈ ಸಲ ನಾನು ತುದಿಗಳನ್ನು ನೋಡಿದೆ. ಎಲ್ಲ ಸಮನಾಗಿ, ಕತ್ತರಿ ಆಡಿಸಿದ ಹಾಗೆ. ಮುಚ್ಚಿಡುವುದೇನು, ನನಗೆ ಖುಷಿಯಾಯಿತು. ಈಗ ಏಳುತ್ತಾಳೆ ಮಗ್ಗದಿಂದ ಅಂದುಕೊಂಡೆ. ತಂಗಿ ತಲೆ ತಗ್ಗಿಸಿ ನಿಂತಿದ್ದಳು.

"ಅಪ್ಪಾ, ಇಲ್ಲೆ ನೋಡು," ಎಂದೆ ನಾನು. " ಕತ್ತರೀಲೆ ಕೊಯ್ದದ್ದು. ಅಕೀನ ಮಾಡ್ಯಾಳ."

"ನೀ ನೋಡೀ ಏನು?"

"ನೋಡೋದ್ಯಾಕ? ಮದಿವಿಗೆ ಹೋಗಬೇಕಿತ್ತಲ್ಲ ಅಕೀಗೆ! ಹಾಸು ಕಡದ್ರ ನೇಯೋದು ನಿಂತಂಗ."

"ಕತ್ತರಿ ಮನ್ಯಾಗ ಎಲ್ಲಾರ ಕೈಗೂ ಸಿಗತೈತಿ. ನಿನ್ನ ಕೈಗೂ ಸಿಗತೈತಿ. ಕಣ್ಣಾರೆ ಕಾಣದ ನಾ ಯಾರ ಮ್ಯಾಲೂ ತಪ್ಪು ಹಾಕಾಂಗಿಲ್ಲ."

ಅವಳನ್ನು ಮದುವೆಗೂ ಕಳಿಸಿದ. ಎಳೆ ಕೂಡಿಸಲು ಉಳಿದವರು ಅವನು ಮತ್ತು ನಾನು. ನನಗೆ ತಡೆಯಲಾಗಲಿಲ್ಲ. "ನನಗ್ಯಾಕ ಈ ನ್ಯಾಯ ಇರಲಿಲ್ಲ?" ಎಂದು ಕೇಳಿಯೇಬಿಟ್ಟೆ.

ಅವನು ಎದ್ದು ಹೋಗಿ, ಗೋಡೆಯ ಮಾಡದಿಂದ ಒಂದು ಗಂಟು ತಂದು ನನ್ನ ಮುಂದಿಟ್ಟ. ಜಗಿದು ಸಿಂಬೆಯಾದ ಗುಲಾಬಿ ರೇಷ್ಮೆ.

"ಹೋದ ಬ್ಯಾಸಗ್ಯಾಗ ಮಗ್ಗದ ಕೆಳಗಿನ ಕುಣಿಗೆ ಮಣ್ಣು ಮೆತ್ತುವಾಗ ಇಲಿಗೂಡಿನಾಗ ಸಿಕ್ತು," ಎಂದ ಮೆಲ್ಲಗೆ. "ನಿನ್ನ ಮ್ಯಾಲ ಹಾಕಿ ತಪ್ಪು ಮಾಡೀನಿ. ಮತ್ತೊಮ್ಮೆ ಮಾಡಾಕ ಧೈರ್ಯ ಇಲ್ಲ."

"ಬ್ಯಾಸಗ್ಯಾಗ ಸಿಕ್ಕಿದ್ರ, ನನ್ನ ತಿರುಗಿ ಯಾಕ ಕುಂಡ್ರಿಸಲಿಲ್ಲ?"

"ಅಷ್ಟೊತ್ತಿಗೆ ಅಕೀ ಕೈ ಮಗ್ಗಕ್ಕ ಹೊಂದಿತ್ತು."

"ಹಂಗಾರ ಓಣ್ಯಾಗರ ಹೇಳು. ಅವತ್ತು ಕೂಗಿದಂಗ ಕೂಗಿ ಹೇಳು."

"ಈಗ್ಯಾಕ ಅದೆಲ್ಲಾ? ಎಲ್ಲಾರೂ ಮರ್ತಾರ," ಎಂದು ಅವನು ಮತ್ತೆ ಎಳೆ ಹೊಸೆಯತೊಡಗಿದ.

ಅಪ್ಪ ತಂಗಿಗೆ ಕೊಟ್ಟ ತೀರ್ಪು ಸರಿ. ತಪ್ಪು ಮಾಡಿದವಳು ಪಾರಾದರೂ ಆಗಲಿ, ಮಾಡದವಳ ಮೇಲೆ ಬೀಳಬಾರದು. ನನಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು? ಆದರೆ ಆ ಬುದ್ಧಿಯನ್ನು ಅವನು ಕಲಿತದ್ದು ನನ್ನನ್ನು ಸುಟ್ಟು, ಬಡಿಸಿದ್ದು ಅವಳಿಗೆ. ಅದನ್ನು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ.

ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಮೊನ್ನೆ ನೇಯುತ್ತಾ ನೇಯುತ್ತಾ ತಂಗಿ ತಾನಾಗಿ ನಕ್ಕಳು. "ಅಕ್ಕಾ, ಆ ಮದಿವಿ ಸಲುವಾಗಿ ಹಾಸು ಕೊಯ್ದಾಕಿ ನಾನ."

"ಗೊತ್ತೈತಿ," ಎಂದೆ.

ಅವಳು ಖಾಲಿ ಲಾಳಿ ಚಾಚಿದಳು. ನಾನು ಸುತ್ತಿಟ್ಟ ಕಂಡಿಕೆಯನ್ನು ಅದರೊಳಗೆ ಇಟ್ಟುಕೊಟ್ಟೆ.