ಒಂದೇ ಸದ್ದಿನ ಗಂಟೆ

ದನದ ಕೊರಳಿಗೆ ಮರದ ಗಂಟೆ ಬೇಕು ಎಂದು ಯಾರಾದರೂ ಬಂದರೆ ಗುರುಮಲ್ಲಪ್ಪ ತಕ್ಷಣ ಮರ ಮುಟ್ಟುವವನಲ್ಲ. ಮೊದಲು ದನವನ್ನು ಹಿಡಿದುಕೊಂಡು ಬನ್ನಿ ಎನ್ನುತ್ತಾನೆ. ಬಂದ ದನವನ್ನು ಅಂಗಳದಲ್ಲಿ ಎರಡು ಸುತ್ತು ನಡೆಸುತ್ತಾನೆ. ಅದು ತಲೆ ತಗ್ಗಿಸಿ ನಡೆಯುತ್ತದೋ, ನೊಣಕ್ಕೆ ಕತ್ತು ಕೊಡವುತ್ತದೋ, ನಿಂತಲ್ಲೇ ನಿಂತು ಮೆಲುಕು ಹಾಕುವ ಸೋಮಾರಿಯೋ ಎಂದು ನೋಡುತ್ತಾನೆ. ಕತ್ತಿನ ಕೆಳಗೆ ಕೈಯಿಟ್ಟು ಗೇಣು ಹಾಕುತ್ತಾನೆ. ಆಮೇಲೆ ಒಂದೇ ಒಂದು ಮಾತು ಕೇಳುತ್ತಾನೆ. ಇದು ಮೇಯುವಾಗ ಯಾರ ಮನೆಯ ದನದ ಜೊತೆ ಸೇರುತ್ತದೆ?

ಆ ಮಾತಿಗೆ ಕಾರಣವಿದೆ. ಅವನ ಊರು ತಾಳಮಲೆಯ ಸುತ್ತ ಲಾಂಟಾನ ಪೊದೆ ಆಳೆತ್ತರ ಬೆಳೆದುಕೊಂಡಿದೆ. ಅದರೊಳಗೆ ನುಗ್ಗಿದ ದನ ಹತ್ತು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಕಿವಿಗೆ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೊತೆಯಲ್ಲಿ ಮೇಯುವ ಎರಡು ದನಗಳ ಗಂಟೆ ಒಂದೇ ಥರ ಬಡಿದುಕೊಂಡರೆ ಕಾಯುವವನು ಏನು ಮಾಡಬೇಕು? ಅದಕ್ಕೇ ಊರಿನ ಎಪ್ಪತ್ತು ಚಿಲ್ಲರೆ ದನಗಳಿಗೆ ಎಪ್ಪತ್ತು ಚಿಲ್ಲರೆ ಸದ್ದು. ಚಿಕ್ಕಮ್ಮ ಎಂಬುವಳ ಮನೆಯ ಕೆಂದ ಹಸುವಿನದು ಮುದುಕಿ ಕೆಮ್ಮಿದ ಹಾಗೆ. ಉಮಾಶಂಕರನ ಹೋರಿಯದು ಒನಕೆ ಕುಟ್ಟಿದ ಹಾಗೆ. ಒಳಗಡೆ ಉಳಿಯಿಂದ ಒಂದು ಸಿಪ್ಪೆ ಹೆಚ್ಚು ತೆಗೆದರೆ ಸಾಕು, ಸದ್ದು ಬೇರೆಯಾಗುತ್ತದೆ. ಆ ಒಂದು ಸಿಪ್ಪೆ ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದೇ ಅವನ ವಿದ್ಯೆ.

ಗುರುಮಲ್ಲಪ್ಪನಿಗೆ ಈಗ ಅರವತ್ತನಾಲ್ಕು. ಹರೆಯದಲ್ಲಿ ಘಟ್ಟದ ಕೆಳಗೆ ನೂಲಿನ ಗಿರಣಿಯೊಂದರಲ್ಲಿ ಎರಡು ವರ್ಷ ದುಡಿದವನು. ಅಲ್ಲಿ ಯಂತ್ರದ ಮೊರೆತ ತಲೆಯೊಳಗೇ ಗೂಡು ಕಟ್ಟಿ, ಊಟದ ಹೊತ್ತಿನಲ್ಲೂ ಬಿಡುತ್ತಿರಲಿಲ್ಲ. ಒಂದು ಸಲ ರಜೆಯಲ್ಲಿ ಬಂದವನು ಸಂಜೆ ಬಸ್ಸಿಳಿದು ನಿಂತ. ಮೇದು ಬರುವ ದನಗಳ ಗಂಟೆ ಕೇಳಿಸಿತು. ನಿಂತಲ್ಲೇ ಕಣ್ಣು ಮುಚ್ಚಿ, ಇದು ನಮ್ಮದು, ಇದು ಮಾವನದು, ಇದು ಕೆಳಗಿನ ಮನೆಯದು ಎಂದು ಎಣಿಸಿದ. ಒಂದೂ ತಪ್ಪಲಿಲ್ಲ. ಗಿರಣಿಗೆ ಮತ್ತೆ ಹೋಗಲಿಲ್ಲ. ಗಂಟೆ ಮಾಡುತ್ತಿದ್ದ ಸೋದರಮಾವನ ಪಕ್ಕದಲ್ಲಿ ಕುಳಿತು ಉಳಿ ಹಿಡಿದ. ಬೆಳಗ್ಗೆ ತನ್ನ ಎರಡೆಕರೆಯಲ್ಲಿ ರಾಗಿ, ಜೋಳದ ಕೆಲಸ, ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಗಂಟೆಯ ಕೆಲಸ. ಹೊಲದ ಬದುವಿನಲ್ಲಿ ಬೆಳೆದ ಶಿವನೆ ಮರವೇ ಗಂಟೆಗೆ, ಕರಿಜಾಲಿಯ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಅದರ ನಾಲಿಗೆಗೆ.

ಗಂಟೆಗೆ ದುಡ್ಡು ತೆಗೆದುಕೊಳ್ಳುವ ಪದ್ಧತಿ ಮಾವನ ಕಾಲದಿಂದಲೂ ಇಲ್ಲ. ಗಂಟೆ ಕಟ್ಟಿದ ಹಸು ಕರು ಹಾಕಿದಾಗ ಮೊದಲ ಗಿಣ್ಣುಹಾಲು ಗಂಟೆ ಮಾಡಿದವನ ಮನೆಗೆ ಬರುತ್ತದೆ, ಅಷ್ಟೆ. ಅವನ ಹೆಂಡತಿ ಶಿವಮಲ್ಲಮ್ಮ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸುತ್ತಾಳೆ, ತಿನ್ನುತ್ತಾಳೆ, ಬೈಯುವುದನ್ನೂ ಬಿಡುವುದಿಲ್ಲ. ಜಗಲಿಯ ಮೇಲಿನ ಶೀಟು ತೂತು ಬಿದ್ದು ಮಳೆಗಾಲದಲ್ಲಿ ಪಾತ್ರೆ ಇಡಬೇಕಾಗಿತ್ತು.

“ಗಿಣ್ಣ ಮೆತ್ತಿ ಸೂರು ಮುಚ್ಚಕಾಯ್ತದಾ?” ಎಂದು ಅವಳು ಕೇಳಿದಾಗಲೆಲ್ಲ ಗುರುಮಲ್ಲಪ್ಪ ನಗುತ್ತಿದ್ದ. ನಕ್ಕರೆ ಮಳೆ ನಿಲ್ಲುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಊರಿನ ದನ ಕಾಯುವವನು ರಾಚ. ಐವತ್ತೈದು ದಾಟಿದೆ. ಕಣ್ಣಿಗೆ ಪೊರೆ ಬಂದು ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಇನ್ನೂ ಆಗಬೇಕು. ದೂರದ್ದೆಲ್ಲ ಅವನಿಗೆ ಹೊಗೆ. ಆದರೂ ಒಂದು ದನವನ್ನೂ ಕಳೆದುಕೊಂಡಿರಲಿಲ್ಲ. ಸಂಜೆ ಊರಬಾಗಿಲ ಹುಣಸೆಮರದ ಕೆಳಗೆ ನಿಂತು, ದನಗಳು ಸಾಲಾಗಿ ದಾಟುವಾಗ ತಲೆ ವಾರೆ ಮಾಡಿ ಕೇಳುತ್ತಾನೆ. ಕೊನೆಯ ದನ ದಾಟಿದ ಮೇಲೆ ಎಲ್ಲಾ ಬಂದವು ಎಂದು ಕೂಗುತ್ತಾನೆ. ಆ ಕೂಗು ಕೇಳಿದ ಮೇಲೇ ಹೆಂಗಸರು ಹಾಲು ಕರೆಯಲು ಕೂರುವುದು. ಹೊಸ ಗಂಟೆ ಯಾವುದೇ ಆಗಲಿ, ಕಟ್ಟುವ ಮೊದಲು ಗುರುಮಲ್ಲಪ್ಪ ರಾಚನಿಗೆ ಕೇಳಿಸುತ್ತಿದ್ದ. ಅವನು ತಲೆಯಾಡಿಸಿದರೆ ಮಾತ್ರ ಹುರಿ ಪೋಣಿಸುವುದು.

ಹೀಗೆ ನಡೆದುಕೊಂಡು ಬಂದಿರುವಾಗ ಹೋದ ವರ್ಷ ತಾಳವಾಡಿಯಿಂದ ದಯಾನಂದ್ ಎಂಬ ಹುಡುಗ ಬಂದ. ಶಿವಮಲ್ಲಮ್ಮನ ಕಡೆಯ ನೆಂಟ, ಒಳ್ಳೆಯ ಹುಡುಗ. ಮೈಸೂರಿನ ಅಂಗಡಿಗಳಿಗೆ ಬಿದಿರಿನ ಬುಟ್ಟಿ, ಮರದ ಸಾಮಾನು ಕಳಿಸುವ ವ್ಯಾಪಾರ ಅವನದು. ಮನೆಬಾಗಿಲಿಗೆ ನೇತುಹಾಕಲು ಮುನ್ನೂರು ಗಂಟೆ ಬೇಕು ಎಂದ. ಅಳತೆ ಒಂದೇ ಇರಬೇಕು, ಸದ್ದೂ ಒಂದೇ ಇರಬೇಕು. ಅವನು ಹೇಳಿದ ರೇಟು ಕೇಳಿ ಶಿವಮಲ್ಲಮ್ಮ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಗುರುಮಲ್ಲಪ್ಪನಿಗೂ ಖುಷಿಯೇ ಆಯಿತು. ಇಷ್ಟು ವರ್ಷದಲ್ಲಿ ಅವನ ಕೆಲಸಕ್ಕೆ ಹೊರಗಿನವರು ಯಾರೂ ಬೆಲೆ ಹೇಳಿರಲಿಲ್ಲ.

ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡ. ಒಂದು, ಎರಡು, ಹತ್ತು. ಕೈ ಪಳಗಿತು. ದಿನಕ್ಕೆ ಮೂರಾಗುತ್ತಿದ್ದುದು ಐದಾಯಿತು. ಆದರೆ ಒಂದು ದಿನ ಅವನಿಗೇ ವಿಚಿತ್ರವೆನಿಸಿತು. ಬೆಳಗಿನಿಂದ ಕೆತ್ತುತ್ತಿದ್ದೇನೆ, ಒಂದು ಗಂಟೆಯನ್ನಾದರೂ ಕಿವಿಯ ಹತ್ತಿರ ಹಿಡಿಯಲಿಲ್ಲವಲ್ಲ ಎಂದುಕೊಂಡ. ಹಿಡಿಯುವ ಅಗತ್ಯವೇ ಇರಲಿಲ್ಲ. ರಟ್ಟು ಹೇಳಿದ ಹಾಗೆ ಕೈ ಹೋಗುತ್ತಿತ್ತು.

ಆ ಗಡಿಬಿಡಿಯಲ್ಲೇ ನಂಜಯ್ಯ ಬಂದ. ಅವನ ಎತ್ತಿನ ಗಂಟೆ ಸೀಳು ಬಿಟ್ಟಿತ್ತು. ಗುರುಮಲ್ಲಪ್ಪ ಎತ್ತನ್ನು ನಡೆಸಿ ನೋಡಲಿಲ್ಲ, ಗೇಣೂ ಹಾಕಲಿಲ್ಲ. ರಾಶಿಯಿಂದ ಒಂದನ್ನು ತೆಗೆದುಕೊಟ್ಟ. ಹದಿನೈದು ದಿನ ಕಳೆದ ಮೇಲೆ ಮಂಗಳಮ್ಮ ಬಂದಳು. ಗಂಡ ತೀರಿಕೊಂಡ ಮೇಲೆ ಹಾಲು ಮಾರಿಯೇ ಮನೆ ನಡೆಸುವ ಹೆಂಗಸು. ಅವಳ ಕಡಸು ಚೊಚ್ಚಲ ಗಬ್ಬವಾಗಿತ್ತು. ಅವಳಿಗೂ ರಾಶಿಯದೇ ಒಂದು. ಯಾವ ದನದ ಜೊತೆ ಮೇಯುತ್ತದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ನಂಜಯ್ಯನ ಎತ್ತಿನ ಜೊತೆಗೆ ಎಂದು ಅವಳು ಹೇಳುತ್ತಿದ್ದಳು.

ರಾಚ ಒಂದು ಸಂಜೆ ಜಗಲಿಯ ಅಂಚಿಗೆ ಬಂದು ಕುಳಿತ. ಬೀಡಿ ಹಚ್ಚಿ ಹೇಳಿದ: “ಗುರುಮಲ್ಲಣ್ಣ, ನಂಜಯ್ಯನೋರ ಎತ್ತು, ಮಂಗಳವ್ವನ ಕಡಸು ಎರಡೂ ಒಂದೇ ಬಾಯಲ್ಲಿ ಮಾತಾಡ್ತವೆ ಕಣಣ್ಣ.”

ಈ ಆರ್ಡರು ಮುಗಿಯಲಿ, ಬೇರೆ ಮಾಡಿಕೊಡುತ್ತೇನೆ ಎಂದ ಗುರುಮಲ್ಲಪ್ಪ. ತಲೆಯೆತ್ತದೆ ಹೇಳಿದ.

ಅದಾದ ನಾಲ್ಕನೆಯ ದಿನ ರಾಚ ಎಂದಿನಂತೆ ಹುಣಸೆಮರದ ಕೆಳಗೆ ನಿಂತು ಎಲ್ಲಾ ಬಂದವು ಎಂದು ಕೂಗಿದ. ಮಂಗಳಮ್ಮ ಕೊಟ್ಟಿಗೆಯಲ್ಲಿ ಹಗ್ಗ ಹಿಡಿದುಕೊಂಡು ಕಾದಳು. ಕಡಸು ಬರಲಿಲ್ಲ. ಇವತ್ತೋ ನಾಳೆಯೋ ಈಯಬೇಕಾಗಿದ್ದ ಕಡಸು. ಅತ್ತ ಕಡೆ ಚಿರತೆಯ ಓಡಾಟ ಇದ್ದೇ ಇದೆ. ಆನೆ ದಾಟುವ ಹೊತ್ತಾದ್ದರಿಂದ ಕತ್ತಲಿನಲ್ಲಿ ಹುಡುಕಲು ಹೋಗುವ ಹಾಗೂ ಇಲ್ಲ. ಮಂಗಳಮ್ಮ ಅಳಲಿಲ್ಲ. ಹಗ್ಗವನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತ ನಿಂತುಬಿಟ್ಟಳು.

ಜನ ಸೇರಿದರು. ಬಂತೆಂದು ಕೂಗಿದೆಯಲ್ಲ, ಎಲ್ಲಿ ಬಂತು ಎಂದು ರಾಚನನ್ನು ಕೇಳಿದರು. ನಂಜಯ್ಯನ ಎತ್ತಿನ ಗಂಟೆ ಕೇಳಿದ ಅವನ ಕಿವಿ ಕಡಸನ್ನೂ ಎಣಿಸಿಬಿಟ್ಟಿತ್ತು.

“ಕಣ್ ಕಾಣ್ದೋನ್ ಕೈಗೆ ಊರ್ ದನಾನೆಲ್ಲ ಕೊಟ್ಟು ಕುಂತಿದ್ದೀವಲ್ಲ, ನಮ್ಗೇ ಬುದ್ದಿ ಇಲ್ಲ ಕಣ್ರಪ್ಪ” ಎಂದ ನಂಜಯ್ಯ. ಇನ್ನು ಮೇಲೆ ಬೇರೆ ಯಾರಿಗಾದರೂ ವಹಿಸೋಣ ಎಂಬ ಮಾತೂ ಬಂತು. ಇಬ್ಬರು ಮೂವರು ಹೂಂಗುಟ್ಟಿದರು. ದನ ಕಾಯುವುದು ಬಿಟ್ಟರೆ ರಾಚನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಆದರೂ ಅವನು ಗಂಟೆಯ ಮಾತೆತ್ತಲಿಲ್ಲ. ಗುರುಮಲ್ಲಪ್ಪ ನಿಂತಿದ್ದ ಕಡೆಗೆ ಒಂದು ಸಲ ಮುಖ ತಿರುಗಿಸಿದ. ಕಂಡಿತೋ ಇಲ್ಲವೋ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ಗುರುಮಲ್ಲಪ್ಪನ ನಾಲಿಗೆಯೂ ಏಳಲಿಲ್ಲ. ಮನೆಗೆ ಬಂದು ಮುದ್ದೆಯ ಮುಂದೆ ಕುಳಿತು ಎದ್ದ. ಶಿವಮಲ್ಲಮ್ಮ ಬಿಡದೆ ಕೇಳಿದ ಮೇಲೆ ನಡೆದದ್ದನ್ನೆಲ್ಲ ಹೇಳಿದ.

“ಎಲ್ರೂ ಅಂಗ್ ಬೈತಿದ್ರೆ ಅವ ಯಾಕೆ ಬಾಯ್ಬುಡ್ಲಿಲ್ಲ?” ಎಂದಳು ಅವಳು. ಆಮೇಲೆ ಉತ್ತರವನ್ನೂ ಅವಳೇ ಕೊಟ್ಟಳು: “ಬಾಯ್ಬುಟ್ಟಿದ್ರೆ ನಿಮ್ ಎಸ್ರು ಬತ್ತಿತ್ತು.”

ಬೆಳಗಿನ ಜಾವ ಕೋಳಿ ಕೂಗುವ ಹೊತ್ತಿಗೆ ಗುರುಮಲ್ಲಪ್ಪ ಮೊದಲು ಮಂಗಳಮ್ಮನ ಬಾಗಿಲಿಗೆ ಹೋದ. ಅಲ್ಲಿಂದ ದನವಿರುವ ಒಂದೊಂದು ಮನೆಗೂ ಹೋದ. ಅವನು ಕೇಳಿದ್ದು ಇಷ್ಟು: ಇವತ್ತು ನಾವು ಬಂದು ಹೇಳುವ ತನಕ ದನ ಬಿಡಬೇಡಿ, ಅವುಗಳ ಗಂಟೆಯೊಳಗೆ ಒಂದು ಹಿಡಿ ಹುಲ್ಲು ತುರುಕಿ. ಊರು ಸದ್ದು ಮಾಡದೆ ಇದ್ದರೆ ಕಾಡಿನೊಳಗಿನ ಒಂದು ಗಂಟೆ ಕೇಳಿಸೀತು. ಯಾಕೆ ಎಂದು ಪ್ರತಿ ಮನೆಯಲ್ಲೂ ಕೇಳಿದರು. ಪ್ರತಿ ಮನೆಯಲ್ಲೂ ಹೇಳಬೇಕಾಯಿತು.

“ತಪ್ಪು ರಾಚಂದಲ್ಲ ಕಣವ್ವ, ನಂದು. ಎರಡ್ ದನಕ್ಕೂ ಒಂದೇ ಸದ್ದಿನ್ ಗಂಟೆ ಕೊಟ್ಬುಟ್ಟೆ. ಅವ ಏಳುದ್ರೂ ನಾನು ಕೇಳ್ನಿಲ್ಲ.”

ನಂಜಯ್ಯನ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾಯಿತು, ಯಾಕೆಂದರೆ ನಂಜಯ್ಯ ಎತ್ತಿನ ಕತ್ತಿನ ಗಂಟೆಯನ್ನೇ ನೋಡುತ್ತ ನಿಂತ. ಹದಿನೇಳು ಮನೆ ಮುಗಿಯುವ ಹೊತ್ತಿಗೆ ಬಿಸಿಲು ಮೂಡಿತ್ತು. ಕೊನೆಗೆ ರಾಚನ ಮನೆ. ನಡಿ, ನಿನ್ನ ಕಿವಿ ಬೇಕು ಎಂದಷ್ಟೇ ಹೇಳಿದ. ರಾಚ ಕೋಲು ತೆಗೆದುಕೊಂಡ.

ನಾಲ್ವರು ಹೊರಟರು. ಮುಂದೆ ರಾಚ, ಅವನ ಹಿಂದೆ ಗುರುಮಲ್ಲಪ್ಪ, ಮಂಗಳಮ್ಮ, ಕರೆಯದಿದ್ದರೂ ಬಂದ ನಂಜಯ್ಯ. ಹಿಂದಿನ ದಿನ ಮೇಯಿಸಿದ ಬಯಲಿನಿಂದ ಹಳ್ಳದ ಕಡೆಗೆ ಇಳಿದರು. ಊರಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಊರು ತುಂಬ ಗಂಟೆಯಿರಬೇಕು. ರಾಚ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಕಣ್ಣು ಮುಚ್ಚಿ, ಕೋಲಿನ ಮೇಲೆ ಗದ್ದವೂರಿ ಕೇಳುತ್ತಿದ್ದ. ಉಳಿದವರು ಉಸಿರು ಹಿಡಿಯುತ್ತಿದ್ದರು. ಎರಡು ಕಡೆ ಏನೂ ಇಲ್ಲ. ಮೂರನೆಯ ಕಡೆ ಬರೀ ಮರಕುಟಿಕ. ಹಳ್ಳದ ಆಚೆ ದಡದಲ್ಲಿ ನಿಂತವನು ಬಹಳ ಹೊತ್ತು ಕದಲಲಿಲ್ಲ.

ಆಮೇಲೆ ಗುರುಮಲ್ಲಪ್ಪನಿಗೂ ಕೇಳಿಸಿತು. ಟೊಕ್. ಸ್ವಲ್ಪ ಬಿಟ್ಟು, ಟೊಕ್, ಟೊಕ್. ತಾನೇ ಕೆತ್ತಿದ, ಒಂದು ಸಲವೂ ಕಿವಿಗೆ ಹಿಡಿದು ನೋಡದ ಸದ್ದು.

“ನಡೀತಾ ಇಲ್ಲ. ಮೇಯ್ತಾನೂ ಇಲ್ಲ” ಎಂದ ರಾಚ ಪಿಸುಮಾತಿನಲ್ಲಿ. ಮತ್ತೆ ಕೇಳಿದ. ಮುಖದ ಮೇಲಿನ ಗೆರೆಗಳೆಲ್ಲ ಸಡಿಲವಾದವು. “ನೆಕ್ತಾ ಅವ್ಳೆ ಕಣಣ್ಣ. ಕರು ಬಿದ್ದದೆ.”

ಚೊಚ್ಚಲ ಹಸು ಹೆದರುತ್ತದೆಂದು ಮಂಗಳಮ್ಮನೊಬ್ಬಳೇ ಪೊದೆಯೊಳಗೆ ನುಗ್ಗಿದಳು. ಒಳಗಿನಿಂದ ಅವಳ ದನಿ ಬಂತು, ಹಸುವಿಗೆ ಬೈಯುತ್ತಿದ್ದಳು. ನನ್ನವ್ವ, ನನ್ನ ತಾಯಿ, ಮನೆಯಲ್ಲಿ ಜಾಗ ಇರಲಿಲ್ಲವೇನೇ ನಿನಗೆ ಎಂದು ಬೈದು ಬೈದು ಅಲ್ಲೇ ಅತ್ತಳು. ಹೆಣ್ಣು ಕರು. ಕಾಲು ಇನ್ನೂ ನಡುಗುತ್ತಿತ್ತು. ನಂಜಯ್ಯ ಅದನ್ನು ಹೆಗಲ ಮೇಲೆ ಹಾಕಿಕೊಂಡ, ತಾಯಿ ಅವನ ಅಂಗಿಯನ್ನು ಮೂಸುತ್ತ ಹಿಂದೆ ಬಂತು.

ಹಳ್ಳ ದಾಟುವಾಗ ನಂಜಯ್ಯ ಮುಂದೆ ನೋಡಿಕೊಂಡೇ ಹೇಳಿದ: “ನಾನ್ ಆಡಿದ್ ಮಾತ ಮನ್ಸಲ್ ಮಡಿಕೋಬ್ಯಾಡ ಕಣ್ಲಾ ರಾಚ.”

“ಮಡಿಕಳಕ್ಕೆ ಜಾಗ ಎಲ್ಲದೆ ನಂಜಯ್ಯಣ್ಣ? ನಿಮ್ ದನಗೋಳ ಗಂಟೆನೇ ತುಂಬ್ಕೊಂಡದೆ” ಎಂದ ರಾಚ. ಮಂಗಳಮ್ಮ ಕಣ್ಣೊರೆಸಿಕೊಂಡು ನಕ್ಕಳು. ಗುರುಮಲ್ಲಪ್ಪನಿಗೆ ನಗು ಬರಲಿಲ್ಲ. ಅವನು ರಾಚನ ಹೆಗಲ ಮೇಲೆ ಕೈಯಿಟ್ಟುಕೊಂಡು ಹಳ್ಳ ಹತ್ತಿದ. ದಾರಿ ಕಾಣದವನು ಯಾರು, ತೋರಿಸುವವನು ಯಾರು ಎಂದು ದೂರದಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅಂದು ದನಗಳನ್ನು ಬಿಟ್ಟಾಗ ಹತ್ತು ಗಂಟೆ ದಾಟಿತ್ತು. ಕಾಯಲು ರಾಚನೇ ಹೋದ. ಬೇರೆಯವರಿಗೆ ವಹಿಸುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಆ ವಾರವೇ ದಯಾನಂದ್ ಬಂದ. ನೂರ ನಲವತ್ತು ಗಂಟೆ ಆಗಿದ್ದವು. ಒಪ್ಪಿಕೊಂಡು ಮಾಡಿದ್ದು, ಇವನ್ನು ತೆಗೆದುಕೊಂಡು ಹೋಗು, ಉಳಿದದ್ದು ನನ್ನಿಂದ ಆಗುವುದಿಲ್ಲ ಎಂದ ಗುರುಮಲ್ಲಪ್ಪ. ಹುಡುಗ ರೇಟು ಕಡಿಮೆಯಾಯಿತೇನೋ ಎಂದುಕೊಂಡು ಹೆಚ್ಚು ಮಾಡುತ್ತೇನೆಂದ. ಬೇಕಾದರೆ ನಿಧಾನವಾಗಿ ಮಾಡಿಕೊಡಿ ಎಂದ. ಮುದುಕನಿಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ಬಾಗಿಲ ಕಡೆಗೆ ಕೈ ತೋರಿಸಿ ಹೇಳಿದ:

“ಬಾಗ್ಲು ಎಲ್ಗೂ ಓಗಕಿಲ್ಲ ಕಣಪ್ಪ. ದನ ಓಯ್ತದೆ.”

ದಯಾನಂದನಿಗೆ ಅರ್ಥವಾಗಲಿಲ್ಲ. ಆಮೇಲೆ ಶಿವಮಲ್ಲಮ್ಮ ಒಳಗೆ ಕರೆದು ಊಟಕ್ಕಿಟ್ಟು ಬಿಡಿಸಿ ಹೇಳಿದಳು. ಬಂದ ದುಡ್ಡಿನಲ್ಲಿ ಜಗಲಿಯ ಅರ್ಧ ಭಾಗಕ್ಕೆ ಹೊಸ ಶೀಟು ಬಿತ್ತು. ಒಣಗಿರುವ ಅರ್ಧ ನನ್ನದು, ಸೋರುವ ಅರ್ಧ ನಿಮ್ಮದು ಎಂದು ಅವಳು ಭಾಗ ಮಾಡಿದಳು. ಆದರೆ ಅವನ ಉಳಿ, ಬಾಚಿಗಳನ್ನೆಲ್ಲ ಒಣಗಿರುವ ಕಡೆಗೇ ಎತ್ತಿಟ್ಟವಳೂ ಅವಳೇ.

ಮಂಗಳಮ್ಮನ ಹಸುವಿಗೆ ಬೇರೆ ಗಂಟೆ ಮಾಡುವ ದಿನ ಗುರುಮಲ್ಲಪ್ಪ ಅವಸರ ಮಾಡಲಿಲ್ಲ. ಹಸುವನ್ನು ಅಂಗಳದಲ್ಲಿ ನಡೆಸಿ ನೋಡಿದ. ಕರುವಾದ ಮೇಲೆ ಅದರ ನಡಿಗೆ ಬದಲಾಗಿತ್ತು, ಎರಡು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಕರುವನ್ನು ನೋಡುತ್ತಿತ್ತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ. ರಾಚ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ. ಗುರುಮಲ್ಲಪ್ಪ ಕೆತ್ತಿ, ಬಡಿದು ಕೇಳಿಸಿದ. ಇದು ಚಿಕ್ಕಮ್ಮನೋರ ಕೆಂದನ ತಂಗಿ ಇದ್ದ ಹಾಗಿದೆ ಎಂದ ರಾಚ. ಗುರುಮಲ್ಲಪ್ಪ ಒಳಗಿನಿಂದ ಇನ್ನೊಂದು ಸಿಪ್ಪೆ ತೆಗೆದ. ಈಗ ಉಮಾಶಂಕರನ ಹೋರಿಯ ಸದ್ದಿನ ಹತ್ತಿರ ಹೋಯಿತು. ಗುರುಮಲ್ಲಪ್ಪ ಅದನ್ನು ಬದಿಗಿಟ್ಟು ಬೇರೆ ತುಂಡು ತೆಗೆದುಕೊಂಡ. ಮಧ್ಯಾಹ್ನದ ಬಿಸಿಲು ಜಗಲಿ ಹತ್ತಿ ಇಳಿಯಿತು. ಒಂದೊಂದು ಉಳಿಯೇಟಿಗೂ ಗಂಟೆಯನ್ನು ಕಿವಿಯ ಹತ್ತಿರ ಹಿಡಿದ.

ಅದೂ ಆಗದೆ ಕೆತ್ತಿದ ಮೂರನೆಯದನ್ನು ಬಡಿದಾಗ ರಾಚ ತಲೆ ವಾರೆ ಮಾಡಿದ. ಇನ್ನೊಂದು ಸಲ ಎಂಬಂತೆ ಕೈ ಮಾಡಿದ. ಗುರುಮಲ್ಲಪ್ಪ ಇನ್ನೊಂದು ಸಲ ಬಡಿದ. ರಾಚ ಕಣ್ಣು ಮುಚ್ಚಿ, ಊರಿನ ದನಗಳನ್ನೆಲ್ಲ ಮನಸ್ಸಿನೊಳಗೆ ಒಂದು ಸುತ್ತು ನಡೆಸಿದ ಹಾಗೆ ಕಂಡಿತು.

“ಇದ ನಾನ್ ಎಲ್ಲೂ ಕೇಳಿಲ್ಲ ಕಣಣ್ಣ” ಎಂದ.

ಗುರುಮಲ್ಲಪ್ಪ ಉಳಿ ಕೆಳಗಿಟ್ಟು ಹುರಿ ಪೋಣಿಸತೊಡಗಿದ.